ತಟ್ಟೆ ಎಲ್ಲಾ ವಾಪಸ್ ಬಂತು, ಚಮಚ ಎಲ್ಲಿ?

ನಾವು ಬಡಾವಣೇಲಿ ಒಂದು ತಟ್ಟೆ ಬ್ಯಾಂಕ್ ನಡೆಸ್ತೀವಿ, ಸಮಾರಂಭಕ್ಕೆ ಸ್ಟೀಲ್ ತಟ್ಟೆ ಲೋಟ ಕೊಟ್ಟು ಆಮೇಲೆ ವಾಪಸ್ ತಗೊಳ್ತೀವಿ. ಹೋದ ತಿಂಗಳು ಒಬ್ರು ಫೋನ್ ಮಾಡಿ, "ಮೇಡಂ, ಗೃಹಪ್ರವೇಶ ಇದೆ, ಮುನ್ನೂರು ಜನ ಆಗ್ತಾರೆ, ನಿಮ್ಮ ತಟ್ಟೆ ಬ್ಯಾಂಕಿಂದ ಸ್ಟೀಲ್ ತಟ್ಟೆ ತಗೊಂಡ್ರೆ ತೊಳೆಯೋದು ಯಾರು?" ಅಂತ ಕೇಳಿದ್ರು. ಕೇಳಿ ಎಷ್ಟು ಖುಷಿ ಆಯ್ತು ಅಂದ್ರೆ ಅಲ್ಲೇ ಬುಕಿಂಗ್ ಬರ್ಕೊಂಡೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳೋದು ಬಾಡಿಗೆ ಎಷ್ಟು ಅಂತ, ಬಾಡಿಗೆ ಇಲ್ಲ ಬರೀ ಡಿಪಾಸಿಟ್ ಅಂದ ತಕ್ಷಣ ಹೂಂ ಅಂತಾರೆ, ತೊಳೆಯೋ ವಿಷ್ಯ ನೆನಪಾಗೋದು ಊಟ ಎಲ್ಲಾ ಮುಗಿದು ನೆಂಟರು ತಾಂಬೂಲ ತಗೊಂಡು ಹೊರಟ ಮೇಲೆ, ಅಡುಗೆಯವರೂ ಗಂಟುಮೂಟೆ ಕಟ್ಟಿದ್ಮೇಲೆ, ಆಗ ನನಗೆ ಫೋನು.

ನಾನು ಬೆಂಗಳೂರಲ್ಲಿ ಕಸದ ಕೆಲಸಕ್ಕೆ ಬಂದಿದ್ದು 2012ರಲ್ಲಿ. ಆ ವರ್ಷ ನೆನಪಿರೋರಿಗೆ ಗೊತ್ತು, ಊರಿನ ಕಸ ಸುರೀತಿದ್ದ ಮಾವಳ್ಳಿಪುರದವರು ಇನ್ನು ಕಸ ತರಬೇಡಿ ಅಂತ ಲಾರಿ ನಿಲ್ಲಿಸಿದ್ರು, ಊರೆಲ್ಲಾ ಗಬ್ಬು ನಾರ್ತಾ ಇತ್ತು, ಅಕ್ಟೋಬರ್ 1ರಿಂದ ಹಸಿ ಕಸ ಒಣ ಕಸ ಬೇರೆ ಮಾಡ್ಲೇಬೇಕು ಅಂತ ಆಗಿನ ಬಿಬಿಎಂಪಿ ಹೇಳ್ತು. ಆಮೇಲೆ ಭಾರ ಎಲ್ಲಾ ಮಂಡೂರಿನ ಮೇಲೆ ಬಿತ್ತು, ಅಲ್ಲಿಯವರೂ ಬೀದಿಗಿಳಿದ್ರು, 2014ರ ಡಿಸೆಂಬರ್ 1ಕ್ಕೆ ಅದೂ ನಿಲ್ತು. 2015ರ ಕೊನೆಗೆ ಹೈಕೋರ್ಟ್ ಹೇಳಿದ್ಮೇಲೆ ಎರಡು ಡಬ್ಬ ಒಂದು ಬ್ಯಾಗು ಬಂತು, ಹಸಿ ಕಸಕ್ಕೊಂದು ಡಬ್ಬ, ಡೈಪರ್ ಥರದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಬ್ಯಾಗು. ಇಷ್ಟು ವರ್ಷ ನಾವು ಮಾಡಿದ್ದೆಲ್ಲಾ ಕಸ ಆದ್ಮೇಲಿನ ಕೆಲಸ, ಬೇರೆ ಮಾಡೋದು, ಗೊಬ್ಬರ ಮಾಡೋದು, ಗುಜರಿಗೆ ಹಾಕೋದು. ಕಸ ಆಗೋಕ್ ಮುಂಚೆನೇ ತಡೆಯೋ ಕೆಲಸಕ್ಕೆ ನಾನು ಕೈ ಹಾಕಿದ್ದು ತಡವಾಗಿ, ಅದೂ ಒಂದು ಮದುವೆ ಛತ್ರದ ಹಿಂದಿನ ಗೇಟಲ್ಲಿ ನಿಂತಾಗ. ಅಲ್ಲಿ ಸಾರು ಮೆತ್ತಿದ ಪೇಪರ್ ತಟ್ಟೆ, ಪಾಯಸದ ಕಪ್ಪು, ಅರ್ಧ ನೀರಿರೋ ಬಾಟ್ಲಿ ಎಲ್ಲಾ ಒಂದೇ ರಾಶಿ. ಪೇಪರ್ ಕಪ್ ಅಂತ ಕರೀತೀವಿ, ಒಳಗಡೆ ತೆಳ್ಳಗೆ ಪ್ಲಾಸ್ಟಿಕ್ ಲೇಪ ಇರುತ್ತೆ, ಗೊಬ್ಬರಕ್ಕೂ ಆಗಲ್ಲ. ಒಣ ಕಸದ ಸೆಂಟರಿನವರು ಅನ್ನ ಮೆತ್ತಿರೋದನ್ನ ಮುಟ್ಟಲ್ಲ, ಅದಕ್ಕೆ ಮಾರ್ಕೆಟ್ಟೇ ಇಲ್ಲ. ಮುನ್ನೂರು ಜನಕ್ಕೆ ಒಂದು ತಟ್ಟೆ, ನೀರಿನ ಲೋಟ, ಪಾಯಸದ ಕಪ್ಪು, ಚಮಚ, ಕಾಫಿ ಕಪ್ಪು ಅಂತ ಲೆಕ್ಕ ಹಾಕಿ, ಒಂದು ಹೊತ್ತಿಗೆ 1500 ಸಾಮಾನು.

2016ರ ಘನತ್ಯಾಜ್ಯ ನಿಯಮದಲ್ಲಿ ಲೈಸೆನ್ಸ್ ಇಲ್ದಿರೋ ಜಾಗದಲ್ಲಿ ನೂರು ಜನಕ್ಕಿಂತ ಜಾಸ್ತಿ ಸೇರೋ ಕಾರ್ಯಕ್ರಮ ಆದ್ರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸಿ, ಕಸ ಬೇರೆ ಮಾಡೋ ವ್ಯವಸ್ಥೆ ಮಾಡ್ಬೇಕು ಅಂತ ಬರೆದಿತ್ತು. ನಾನು ಎಷ್ಟೋ ಮದುವೆಗೆ ಹೋಗಿದ್ದೀನಿ, ತಿಳಿಸಿದ ಮದುವೆ ಮಾತ್ರ ನೋಡಿಲ್ಲ, ಇರ್ಲಿ.

ತಟ್ಟೆ ಬ್ಯಾಂಕ್ ಅನ್ನೋದು ಹೆಸರು ಮಾತ್ರ ಹೊಸದು. ನಮ್ಮಜ್ಜಿ ಊರಲ್ಲಿ ದೇವಸ್ಥಾನದ ಪಾತ್ರೆ ಅಂತಿತ್ತು, ಕೊಪ್ಪರಿಗೆ, ಹಂಡೆ, ಸೌಟು, ಜಾಲರಿ, ಎಲ್ಲದರ ಮೇಲೂ ದೇವರ ಹೆಸರು ಕೆತ್ತಿರೋದು, ಯಾರ ಮನೇಲಿ ಶುಭ ಕಾರ್ಯ ಆದ್ರೂ ಅಲ್ಲಿಂದ ತಂದು ಬೆಳಗಿ ವಾಪಸ್ ಕೊಡ್ಬೇಕು. ಕಳೆದ್ರೆ ದೇವರ ಸಾಮಾನು ನುಂಗಿದ ಅನ್ನಿಸ್ಕೋಬೇಕಲ್ಲ, ಆ ಭಯವೇ ಡಿಪಾಸಿಟ್ಟು. ಬೆಂಗಳೂರಲ್ಲಿ ಅದಮ್ಯ ಚೇತನ ಅನ್ನೋ ಸಂಸ್ಥೆಯವರು ಸಾವಿರಾರು ತಟ್ಟೆ ಇಟ್ಕೊಂಡು ದೊಡ್ಡ ದೊಡ್ಡ ಕಾರ್ಯಕ್ರಮಕ್ಕೇ ಕೊಡ್ತಾ ಬಂದಿದ್ದಾರೆ, ಅದೇ ಥರ ಬಡಾವಣೆ ಮಟ್ಟದಲ್ಲಿ ಚಿಕ್ಕ ಚಿಕ್ಕವು ಸುಮಾರು ಹುಟ್ಕೊಂಡಿವೆ. ನಮ್ಮದು ಅಂಥದ್ದೊಂದು, 400 ತಟ್ಟೆ, ಅಷ್ಟೇ ಲೋಟ, ಬಟ್ಲು, ಚಮಚ.

ಈಗ ತೊಳೆಯೋ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಇಡೀ ಯೋಜನೆ ನಿಲ್ಲೋದು ಬೀಳೋದು ಇಲ್ಲೇ. "ನೀರು ದಂಡ ಅಲ್ವಾ" ಅನ್ನೋ ಪ್ರಶ್ನೆ ಪ್ರತಿ ಮೀಟಿಂಗಲ್ಲೂ ಬರುತ್ತೆ, ನ್ಯಾಯವಾದ ಪ್ರಶ್ನೆನೇ. ನಲ್ಲಿ ಬಿಟ್ಕೊಂಡು ಒಂದೊಂದೇ ತಟ್ಟೆ ಉಜ್ಜಿದ್ರೆ ದಂಡನೇ. ನಾವು ಮಾಡೋದು ಮೂರು ಟಬ್ ಲೆಕ್ಕ. ಮೊದಲು ತಟ್ಟೇಲಿ ಉಳಿದಿದ್ದನ್ನ ಒಂದು ಬಕೆಟ್ಟಿಗೆ ಒರೆಸಿ ಹಾಕ್ಬೇಕು, ನೀರಿಲ್ದೆ, ತೆಂಗಿನ ನಾರಲ್ಲಿ, ಇದನ್ನ ಬಿಟ್ರೆ ಮಿಕ್ಕಿದ್ದೆಲ್ಲಾ ಕೆಟ್ಟಿತು ಅಂತಾನೇ ಲೆಕ್ಕ ಯಾಕಂದ್ರೆ ಐವತ್ತನೇ ತಟ್ಟೆ ಹೊತ್ತಿಗೆ ಮೊದಲನೇ ಟಬ್ಬು ಸಾಂಬಾರೇ ಆಗಿರುತ್ತೆ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು, ಕೊನೇದು ಕೈ ತಡಿಯೋ ಅಷ್ಟು ಬಿಸಿ ನೀರು. 60 ಲೀಟರಿನ ಮೂರು ಟಬ್ಬು, ಮಧ್ಯದಲ್ಲಿ ಒಂದ್ಸಲ ಮೂರನ್ನೂ ಬದಲಾಯಿಸಿದ್ರೆ 360 ಲೀಟರ್, ಅಷ್ಟರಲ್ಲಿ ನಾವು 200 ತಟ್ಟೆ ಮುಗಿಸ್ತೀವಿ, ಅಂದ್ರೆ ಒಂದಕ್ಕೆ ಎರಡು ಲೀಟರಿಗಿಂತ ಕಮ್ಮಿ. ಕೊನೇ ಬಿಸಿ ನೀರು ಯಾಕೆ ಅಂದ್ರೆ ಶುದ್ಧಕ್ಕಷ್ಟೇ ಅಲ್ಲ, ಬಿಸಿ ಆದ ಸ್ಟೀಲು ತಾನೇ ಬೇಗ ಒಣಗುತ್ತೆ, ಒಣಗದೇ ಜೋಡಿಸಿಟ್ರೆ ಒಂದ್ರೊಳಗೊಂದು ಅಂಟ್ಕೊಂಡು ಮುಗ್ಗಲು ವಾಸನೆ ಬರುತ್ತೆ, ಆ ವಾಸನೆ ಒಬ್ಬ ನೆಂಟರ ಮೂಗಿಗೆ ಬಿದ್ರೆ ಸಾಕು, ಆ ಬೀದೀಲಿ ಯಾರೂ ಮತ್ತೆ ನಮ್ಮ ತಟ್ಟೆ ತಗೊಳ್ಳಲ್ಲ.

2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ ಬತ್ತಿ, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ ಜಲಮಂಡಳಿ 5000 ರೂಪಾಯಿ ದಂಡ ಅಂದ ಮಾರ್ಚು. ಆಗ ನಾನೇ ಎರಡು ಬುಕಿಂಗಿಗೆ "ಬಾಳೆ ಎಲೇಲಿ ಬಡಿಸಿ, ಲೋಟ ಮಾತ್ರ ತಗೊಂಡು ಹೋಗಿ" ಅಂದಿದ್ದೆ. ನಾಚಿಕೆ ಏನಿಲ್ಲ ಅದ್ರಲ್ಲಿ. ಎಲೆ ಸಿಗೋ ಊರಲ್ಲಿ ಎಲೇನೇ ಒಳ್ಳೇದು, ಹಸು ತಿನ್ನುತ್ತೆ ಇಲ್ಲ ಗೊಬ್ಬರ ಆಗುತ್ತೆ, ನಮ್ಮ ತಲೆನೋವು ನಿಜವಾಗಿ ಇರೋದು ನಿಂತ್ಕೊಂಡು ತಿನ್ನೋ ಬಫೆ ಊಟದಲ್ಲಿ.

ಎಣಿಕೆ ಇನ್ನೊಂದು ಕಥೆ. ರಾತ್ರಿ ಹನ್ನೊಂದಕ್ಕೆ 400 ತಟ್ಟೆ ಯಾರೂ ಎಣಿಸಲ್ಲ, ಎಣಿಸಿದೀವಿ ಅಂತಾರೆ. ಅದಕ್ಕೆ 25ರ ಅಡಕು ಮಾಡಿ ಹಳೇ ಸೀರೆ ತುಂಡಲ್ಲಿ ಗಂಟು ಹಾಕಿ ಕೊಡ್ತೀವಿ, ಜೊತೆಗೊಂದು ಮರದ ಕಡ್ಡಿ, ಅದರ ಮೇಲೆ 25 ತಟ್ಟೆ ಎತ್ತರಕ್ಕೆ ಗೆರೆ ಎಳೆದಿದೀವಿ. ಅಡಕಿನ ಪಕ್ಕ ಕಡ್ಡಿ ನಿಲ್ಲಿಸಿದ್ರೆ ಒಂದು ಕಮ್ಮಿ ಇದ್ರೂ ಗೊತ್ತಾಗುತ್ತೆ. ಗೆರೆಗಿಂತ ಮೇಲೆ ಬಂತು ಅಂದ್ರೆ ಯಾವುದೋ ತಟ್ಟೆ ನೆಗ್ಗಿದೆ, ಇಲ್ಲ ಕೇಟರಿಂಗ್‌ನವರ ತಟ್ಟೆ ನಮ್ಮಲ್ಲಿ ಸೇರ್ಕೊಂಡಿದೆ. ನಮ್ಮ ತಟ್ಟೆ ಅಂಚಲ್ಲಿ ಮೂರು ಚುಕ್ಕೆ ಕೊರೆಸಿದೀವಿ. ಪೇಂಟ್ ಹಾಕ್ಬೇಡಿ, ನಾಲ್ಕು ಮದುವೆ ಕಳೆಯೋ ಅಷ್ಟರಲ್ಲಿ ಯಾರದೋ ಅನ್ನದಲ್ಲಿ ಹೋಗಿರುತ್ತೆ.

ತಟ್ಟೆ ಕಳೆಯೋದು ಅಪರೂಪ. ಕಳೆಯೋದು ಚಮಚ, ಕದಿಯಲ್ಲ ಯಾರೂ, ತಟ್ಟೆ ಒರೆಸುವಾಗ ಅನ್ನದ ಜೊತೆ ಬಕೆಟ್ಟಿಗೆ ಜಾರುತ್ತೆ. ಇದಕ್ಕೆ ನಾನು ಮಹಾ ಬುದ್ಧಿವಂತಿಕೆ ಉಪಯೋಗ್ಸಿ ಒಂದು ದೊಡ್ಡ ಅಯಸ್ಕಾಂತ ತಂದೆ, ಬಕೆಟ್ಟಲ್ಲಿ ಆಡಿಸಿದ್ರೆ ಚಮಚ ಎಲ್ಲಾ ಅಂಟ್ಕೊಂಡು ಬರುತ್ತೆ ಅಂತ, ಎಲ್ಲರನ್ನೂ ಕರೆದು ತೋರಿಸೋಕ್ ಹೋದೆ, ಒಂದೂ ಬರ್ಲಿಲ್ಲ. ಮಕ್ಕಳು ಇನ್ನೂ ಆಡ್ಕೊಂಡು ನಗ್ತಾರೆ. ವಿಷ್ಯ ಏನಪ್ಪಾ ಅಂದ್ರೆ ಒಳ್ಳೇ ಸ್ಟೀಲು ಅಂತ ನಾವು ಕೊಳ್ಳೋ 304 ಗ್ರೇಡಿಗೆ ಅಯಸ್ಕಾಂತ ಹೆಚ್ಚುಕಮ್ಮಿ ಅಂಟೋದೇ ಇಲ್ಲ, 430 ಗ್ರೇಡಿಗೆ ಅಂಟುತ್ತೆ. ಮುಂದಿನ ಸಲ ಅಂಗಡಿಗೇ ಅಯಸ್ಕಾಂತ ತಗೊಂಡು ಹೋಗಿ, ಅಂಟೋ ಚಮಚನೇ ಬೇಕು ಅಂತ ಆರಿಸಿದೆ, ಅಂಗಡಿಯವನು ಮೇಲೆ ಕೆಳಗೆ ನೋಡಿದ. ಒಂದು ಎಚ್ಚರಿಕೆ, 430ಕ್ಕೆ ತುಕ್ಕು ಸ್ವಲ್ಪ ಬೇಗ ಹಿಡಿಯುತ್ತೆ, ಹುಳಿ ಉಪ್ಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿಡಬಾರ್ದು.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಮರುಬಳಕೆ ಅಂದ ತಕ್ಷಣ ಜನಕ್ಕೆ ಕಾಣೋದು ಕೊಡೋ ಕೈ ಮಾತ್ರ. 2023ರ ಮೇನಲ್ಲಿ ಕೇಂದ್ರ ಸರ್ಕಾರ ಊರೂರಲ್ಲೂ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಸೆಂಟರ್ ತೆಗೀರಿ, ಹಳೇ ಬಟ್ಟೆ, ಪುಸ್ತಕ, ಆಟದ ಸಾಮಾನು ತಗೊಳ್ಳಿ ಅಂತ ಅಭಿಯಾನ ಮಾಡ್ದಾಗ ನಾವೂ ಒಂದು ರೂಮಲ್ಲಿ ಶುರು ಮಾಡಿದ್ವಿ. ಒಂದೇ ವಾರಕ್ಕೆ ಬಟ್ಟೆ ಕಿಟಕಿ ಎತ್ತರಕ್ಕೆ ಬಂತು, ಫೋಟೋ ತೆಗೆದು ಇಷ್ಟು ಮೂಟೆ ಸಂಗ್ರಹ ಅಂತ ಗ್ರೂಪಲ್ಲಿ ಹಾಕಿದ್ವಿ, ಚಪ್ಪಾಳೆ ಇಮೋಜಿ ಬಂತು. ಜೂನಲ್ಲಿ ಮಳೆ. ರೂಮ್ ಸೋರ್ತು. ಮುಗ್ಗಲು ಹಿಡಿದ ಬಟ್ಟೆನ ಗುಜರಿಯವನೂ ಬೇಡ ಅಂದ, ಕೊನೆಗೆ ಯಾವ ಕಸದ ಲಾರಿಯಿಂದ ತಪ್ಪಿಸೋಕ್ ಹೊರಟಿದ್ವೋ ಅದೇ ಲಾರಿಗೆ ಹಾಕಿದ್ವಿ. ಪೂರ್ತಿ ನಮ್ಮದೇ ತಪ್ಪು. ಜನ ಬೀರು ಖಾಲಿ ಮಾಡಿ ಪುಣ್ಯ ಬಂತು ಅಂತ ಹೋದ್ರು, ನಾವು ಅದನ್ನ ಮರುಬಳಕೆ ಅಂತ ಬರ್ಕೊಂಡ್ವಿ. ಇನ್ನೊಬ್ರು ಅದನ್ನ ಉಟ್ಟಾಗ ತಾನೇ ಅದು ಮರುಬಳಕೆ? ಈಗ ನನ್ನ ರಿಜಿಸ್ಟರಲ್ಲಿ ಒಳಗೆ ಬಂದಿದ್ದರ ಕಾಲಮ್ಮೇ ಇಲ್ಲ, ಹೊರಗೆ ಹೋಗಿದ್ದು ಮಾತ್ರ ಬರೀತೀವಿ.

ಅದರಿಂದ ಏನೇನೋ ಗೊತ್ತಾಯ್ತು. ಸೀರೆ ಅರ್ಧ ಗಂಟೇಲಿ ಖಾಲಿ, ಬ್ಲೌಸ್ ಯಾರಿಗೂ ಬೇಡ, ಒಂದು ಮೈಗೆ ಹೊಲಿದಿದ್ದು ಇನ್ನೊಂದಕ್ಕೆ ಎಲ್ಲಿ ಆಗುತ್ತೆ. ಸ್ಕೂಲ್ ಯೂನಿಫಾರ್ಮ್ ಮೇ ಕೊನೇಲಿ ಚಿನ್ನ, ಆಗಸ್ಟಲ್ಲಿ ಚಿಂದಿ. ಕುಕ್ಕರ್, ಟ್ರಾಲಿ ಬ್ಯಾಗು, ಮಕ್ಕಳ ಸೈಕಲ್ ನಿಲ್ಲೋದೇ ಇಲ್ಲ. ದಿಂಬು ತಗೊಳ್ಳಲೇ ಬೇಡಿ. ಉಳಿದ ಕಾಟನ್ ಬಟ್ಟೆ ಗ್ಯಾರೇಜಿನವರು ಒರೆಸೋಕೆ ತಗೊಳ್ತಾರೆ, ಉಲ್ಲನ್ ಸ್ವೆಟರ್ ಥರದ್ದು ಸಾಕಷ್ಟು ಒಟ್ಟಾದ್ರೆ ವ್ಯಾಪಾರಿಗಳ ಕೈ ದಾಟಿ ಪಾಣಿಪತ್ ಕಡೆ ಹೋಗುತ್ತೆ, ಅಲ್ಲಿ ಬಿಡಿಸಿ ಮತ್ತೆ ನೂಲು ತೆಗೆದು ಕಂಬಳಿ ಮಾಡ್ತಾರೆ. ನಮ್ಮ ಪಕ್ಕದ ಕಟ್ಟಡ ಕೆಲಸದ ಶೆಡ್ಡಲ್ಲಿ ವಿಜಯಪುರ ಕಡೆಯ ಒಬ್ಬಮ್ಮ ಇದ್ರು, ಹಳೇ ಸೀರೆ ತಗೊಂಡು ಕೌದಿ ಹೊಲಿಯೋರು. ನಾನು ಚೆನ್ನಾಗಿರೋ ಪಾಲಿಯೆಸ್ಟರ್ ಸೀರೆ ಕೊಟ್ರೆ ಬೆರಳಲ್ಲಿ ಉಜ್ಜಿ ನೋಡಿ ವಾಪಸ್ ಕೊಟ್ರು, "ಇದು ಜಾರ್ತೈತ್ರಿ ಅಕ್ಕಾರ, ಸೂಜಿ ಹಿಡಿಯಂಗಿಲ್ಲ, ಹೊದ್ಕೊಂಡ್ರ ಬೆವರೂ ಹೀರಂಗಿಲ್ಲ." ಹತ್ತಿ ಸೀರೆ ಮಾತ್ರ, ಅದೂ ಒಗೆದು ಒಗೆದು ಮೆತ್ತಗಾಗಿದ್ದು. ನಾವು ಹಳೇದು ಅಂತ ಕೊಡೋಕೆ ನಾಚಿಕೆ ಪಡೋದನ್ನೇ ಅವರು ಮೊದಲು ಎತ್ಕೊಂಡಿದ್ದು.

ಈಗ ತಿಂಗಳಿಗೊಂದು ಭಾನುವಾರ, ಬೆಳಗ್ಗೆ ತಗೊಳ್ತೀವಿ, ಮಧ್ಯಾಹ್ನ ಕೊಡ್ತೀವಿ, ಸಂಜೆ ರೂಮ್ ಖಾಲಿ. ಉಳಿದಿದ್ದು ಯಾರಿಗೆ ಅಂತ ಶನಿವಾರವೇ ಮಾತಾಡಿರ್ತೀವಿ. ಇದ್ರಲ್ಲಿ ಒಂದು ಸೂಕ್ಷ್ಮ ಇದೆ, ಒಳ್ಳೇ ಸಾಮಾನೆಲ್ಲಾ ನಾವೇ ಎತ್ಕೊಂಡ್ಬಿಟ್ರೆ ಚಿಂದಿ ಆಯೋರಿಗೆ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋ ಹೆಂಗಸರಿಗೆ ಏನು ಉಳೀತು? ಬೆಂಗಳೂರಲ್ಲಿ 2011ರಿಂದ ಆಯೋರಿಗೆ ಪಾಲಿಕೆ ಗುರುತಿನ ಚೀಟಿ ಕೊಡ್ತಿದೆ, ಹಸಿರು ದಳದಂಥ ಸಂಸ್ಥೆಯವರು ಅವರ ಜೊತೆ ನಿಂತು ಒಣ ಕಸದ ಸೆಂಟರ್ ನಡೆಸೋ ಹಾಗೆ ಮಾಡಿದ್ದಾರೆ. ನಾವು ನಮ್ಮ ಸೆಂಟರಿನ ಇಬ್ಬರನ್ನ ಭಾನುವಾರಕ್ಕೆ ಕೂಲಿ ಕೊಟ್ಟು ಕರೀತೀವಿ, ವಿಂಗಡಿಸೋದ್ರಲ್ಲಿ ಅವರ ಕಣ್ಣಿನ ಮುಂದೆ ನಾನು ಏನೂ ಅಲ್ಲ.

ಅದೇ ಭಾನುವಾರ ಮೂಲೇಲಿ ಒಂದು ಟೇಬಲ್ ರಿಪೇರಿಗೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಶುರುವಾದ ರಿಪೇರಿ ಕೆಫೆ, ಅಂದ್ರೆ ಕೆಟ್ಟ ಸಾಮಾನು ತಂದು ಗೊತ್ತಿರೋರ ಜೊತೆ ಕೂತು ಸರಿ ಮಾಡ್ಕೊಳ್ಳೋ ಜಾಗ, ಬೆಂಗಳೂರಿಗೆ 2015ಕ್ಕೇ ಬಂದಿದೆ, ನಮ್ಮದು ಅದರ ಬಡ ನೆಂಟ. ರಿಟೈರ್ ಆದ ಐಟಿಐ ಮೇಷ್ಟ್ರು ಒಬ್ಬರು ಕೂರ್ತಾರೆ. ಬರೋದ್ರಲ್ಲಿ ಮಿಕ್ಸಿನೇ ಜಾಸ್ತಿ, ಸತ್ತೋಯ್ತು ಅಂತ ತರ್ತಾರೆ, ಮೇಷ್ಟ್ರು ತಿರುಗಿಸಿ ತಳದಲ್ಲಿರೋ ಕೆಂಪು ಬಟನ್ ಒತ್ತಿ ಕೊಡ್ತಾರೆ, ಶುರು! ಜಾಸ್ತಿ ಲೋಡ್ ಬಿದ್ದಾಗ ಮೋಟರ್ ಸುಡದೇ ಇರ್ಲಿ ಅಂತ ತಾನೇ ಆಫ್ ಆಗೋ ಸ್ವಿಚ್ ಅದು. ಇನ್ನು ಕೆಲವಕ್ಕೆ ಕಾರ್ಬನ್ ಬ್ರಷ್ ಸವೆದಿರುತ್ತೆ, ಇಲ್ಲ ಜಾರ್ ಕೂರೋ ಕಪ್ಲರ್ ಹಲ್ಲು ಹೋಗಿರುತ್ತೆ. ಆದ್ರೆ ಅವರು ತಾವೇ ಬಿಚ್ಚಲ್ಲ, ಸ್ಕ್ರೂ ಡ್ರೈವರ್ ತಂದವರ ಕೈಗೇ ಕೊಡ್ತಾರೆ, ಅದಕ್ಕೆ ಕ್ಯೂ ಉದ್ದ ಆಗುತ್ತೆ, ಬೈತಾರೆ ಜನ.

ನಮ್ಮಲ್ಲೂ ಮಾಡ್ಬೇಕು ಅಂತ ಬರೋರಿಗೆ ನಾನು ತಟ್ಟೆ ಎಷ್ಟು ಕೊಂಡ್ರಿ ಅಂತ ಕೇಳಲ್ಲ, ನೂರರಿಂದ ಶುರು ಮಾಡಿದ್ರೂ ನಡೆಯುತ್ತೆ. ಬೀರು ಕೀ ಯಾರ ಹತ್ರ ಇರುತ್ತೆ ಅಂತ ಕೇಳ್ತೀನಿ. ಸಂಘದ ಅಧ್ಯಕ್ಷರ ಮನೇಲಿ ಅಂದ್ರೆ, ಅವರು ಮಗನ ಮನೆಗೆ ಅಂತ ಮೂರು ತಿಂಗಳು ಅಮೆರಿಕಾಗೆ ಹೋದಾಗ ತಟ್ಟೆನೂ ಬೀಗದೊಳಗೆ ಮೂರು ತಿಂಗಳು, ನಮಗೇ ಆಗಿದೆ ಅದು. ಈಗ ನಮ್ಮ ಕೀ ಪಾರ್ಕ್ ಎದುರಿನ ಇಸ್ತ್ರಿ ಅಂಗಡೀಲಿ ಇದೆ, ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತು, ಸೋಮವಾರ ರಜಾ, ಪ್ರತಿ ಬುಕಿಂಗಿಗೆ ಅವನಿಗೆ ಐವತ್ತು ರೂಪಾಯಿ. ಮರದ ಕಡ್ಡಿನೂ ಅವನ ಹತ್ರನೇ ಇರುತ್ತೆ.