ಸುಗ್ರೀವಾಜ್ಞೆ: ಸದನ ಸೇರದಿದ್ದಾಗ ಹುಟ್ಟುವ ಕಾನೂನು

2025ರ ಫೆಬ್ರುವರಿಯಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿ ಈ ಪದ ಮತ್ತೆ ಮತ್ತೆ ಕಾಣಿಸಿತು. ಮೈಕ್ರೋ ಫೈನಾನ್ಸ್ ಸಾಲ ವಸೂಲಿಗೆ ಬರುವವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಒಂದು ಸುಗ್ರೀವಾಜ್ಞೆ ಸಿದ್ಧಪಡಿಸಿತ್ತು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಮೊದಲು ಅದನ್ನು ವಾಪಸ್ ಕಳಿಸಿದರು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅತಿಯಾಯಿತು ಎಂಬುದು ಅವರ ಒಂದು ಆಕ್ಷೇಪ. ಅಧಿವೇಶನ ಹತ್ತಿರದಲ್ಲೇ ಇದೆ, ಅಲ್ಲೇ ಚರ್ಚೆ ಮಾಡಬಹುದಲ್ಲ ಎಂಬುದು ಇನ್ನೊಂದು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿತು. ಕೆಲವೇ ದಿನಗಳಲ್ಲಿ ಸಹಿ ಬಿತ್ತು. ಮಾರ್ಚ್ ಅಧಿವೇಶನದಲ್ಲಿ ಅದೇ ವಿಷಯದ ಮಸೂದೆ ಸದನದಲ್ಲಿ ಪಾಸಾಯಿತು.

ದಂಡದ ಪ್ರಮಾಣಕ್ಕಿಂತ ಆ ಎರಡನೇ ಆಕ್ಷೇಪವೇ ಸುಗ್ರೀವಾಜ್ಞೆಯ ತಿರುಳನ್ನು ಮುಟ್ಟುತ್ತದೆ.

ನಮ್ಮ ಸಂವಿಧಾನದಲ್ಲಿ ಕಾನೂನು ಮಾಡುವುದು ಶಾಸಕಾಂಗದ ಕೆಲಸ. ಅದನ್ನು ಜಾರಿ ಮಾಡುವುದು ಕಾರ್ಯಾಂಗ, ಅಂದರೆ ಸರ್ಕಾರ. ತಪ್ಪಿದ್ದರೆ ಹೇಳುವುದು ನ್ಯಾಯಾಂಗ. ಶಾಲೆಯಲ್ಲಿ ನಾವೆಲ್ಲ ಇಷ್ಟನ್ನು ಓದಿರುತ್ತೇವೆ. ಆದರೆ 123ನೇ ವಿಧಿ ಈ ಸಾಲಿಗೆ ಒಂದು ಅಪವಾದ ಇಟ್ಟಿದೆ. ಸಂಸತ್ತಿನ ಅಧಿವೇಶನ ಇಲ್ಲದಾಗ ತುರ್ತು ಬಂದರೆ, ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸಬಹುದು. ರಾಜ್ಯಗಳಲ್ಲಿ 213ನೇ ವಿಧಿಯ ಪ್ರಕಾರ ರಾಜ್ಯಪಾಲರು ಹೊರಡಿಸಬಹುದು. ರಾಜ್ಯಪತ್ರದಲ್ಲಿ ಇದಕ್ಕೆ ಅಧ್ಯಾದೇಶ ಎಂದು ಬರೆಯುತ್ತಾರೆ.

ಸಹಿ ರಾಷ್ಟ್ರಪತಿ ಅಥವಾ ರಾಜ್ಯಪಾಲರದ್ದಾದರೂ ತೀರ್ಮಾನ ಮಂತ್ರಿಮಂಡಲದ್ದು. ಒಪ್ಪಿಗೆ ಇಲ್ಲದಿದ್ದರೆ ರಾಷ್ಟ್ರಪತಿ ಇನ್ನೊಮ್ಮೆ ಯೋಚಿಸಿ ಎಂದು ವಾಪಸ್ ಕಳಿಸಬಹುದು. ಮಂತ್ರಿಮಂಡಲ ಮತ್ತೆ ಅದೇ ಸಲಹೆ ಕೊಟ್ಟರೆ ಒಪ್ಪಲೇಬೇಕು. ಹಾಗಾಗಿ ಇದು ಸರ್ಕಾರವೇ ಮಾಡುವ ಕಾನೂನು. ಆದರೂ ಸುಮ್ನೆ ಒಂದು ಸರ್ಕಾರಿ ಆದೇಶ ಅಲ್ಲ. ಸದನ ಪಾಸು ಮಾಡಿದ ಕಾಯ್ದೆಗೆ ಇರುವಷ್ಟೇ ಬಲ ಇದಕ್ಕೂ ಇದೆ. ಅದರ ಅಡಿಯಲ್ಲಿ ಪೊಲೀಸರು ಕೇಸು ಹಾಕಬಹುದು, ಆಸ್ತಿ ಸರ್ಕಾರದ ವಶವಾಗಬಹುದು. ಮೂಲಭೂತ ಹಕ್ಕುಗಳನ್ನು ಮಾತ್ರ ಮೀರುವಂತಿಲ್ಲ.

ನನ್ನ ಮಟ್ಟಿಗೆ ಇದು ಕೈಗಡ ಇದ್ದ ಹಾಗೆ. ಅಧಿಕಾರ ಸದನದ್ದು. ಸರ್ಕಾರ ಅದನ್ನು ಸ್ವಲ್ಪ ದಿನಕ್ಕೆ ತೆಗೆದುಕೊಂಡಿರುತ್ತದೆ. ವಾಪಸ್ ಕೊಡುವ ಗಡುವೂ ಸಂವಿಧಾನದಲ್ಲೇ ಬರೆದಿದೆ. ಸದನ ಮತ್ತೆ ಸೇರಿದ ದಿನದಿಂದ ಆರು ವಾರ. ಅಷ್ಟರೊಳಗೆ ಮಸೂದೆ ಪಾಸಾಗದಿದ್ದರೆ ಸುಗ್ರೀವಾಜ್ಞೆ ತಾನಾಗಿ ಬಿದ್ದುಹೋಗುತ್ತದೆ. ಬೇಡ ಎಂದು ಎರಡೂ ಸದನ ನಿರ್ಣಯ ಮಾಡಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು ಎಂಬ ನಿಯಮವೂ ಇದೆ. ಎರಡನ್ನೂ ಸೇರಿಸಿದರೆ ಒಂದು ಸುಗ್ರೀವಾಜ್ಞೆಯ ಆಯಸ್ಸು ಹೆಚ್ಚೆಂದರೆ ಸುಮಾರು ಏಳೂವರೆ ತಿಂಗಳು.

ಇದು ಬ್ರಿಟಿಷರ ಕಾಲದಿಂದ ಬಂದ ಅಧಿಕಾರ. 1861ರ ಕಾಯ್ದೆಯಲ್ಲೇ ಗವರ್ನರ್ ಜನರಲ್‌ಗೆ ಇದನ್ನು ಕೊಟ್ಟಿದ್ದರು. 1935ರ ಕಾಯ್ದೆಯಲ್ಲೂ ಉಳಿಯಿತು. ಸ್ವತಂತ್ರ ದೇಶಕ್ಕೆ ಇದು ಬೇಕೇ ಎಂದು ಸಂವಿಧಾನ ಸಭೆಯಲ್ಲಿ ಕೆಲವರು ಗಟ್ಟಿಯಾಗಿಯೇ ಕೇಳಿದರು. ಸಂಸತ್ತು ಸೇರಿರದ ಹೊತ್ತಿನಲ್ಲಿ, ಇರುವ ಕಾನೂನು ಸಾಲದಂಥ ಪರಿಸ್ಥಿತಿ ತಟ್ಟನೆ ಬಂದರೆ ಸರ್ಕಾರ ಏನು ಮಾಡಬೇಕು ಎಂಬುದು ಅಂಬೇಡ್ಕರ್ ಅವರ ವಾದದ ಸಾರ. ಆ ವಾದದಲ್ಲಿ ನಿಜವಿದೆ. ಆದರೆ ತುರ್ತು ಯಾವುದು ಎಂದು ನಿರ್ಧರಿಸುವುದು ಸರ್ಕಾರವೇ. ತೊಡಕು ಇರುವುದು ಅಲ್ಲೇ.

1969ರ ಜುಲೈ 19ರಂದು ಇಂದಿರಾ ಗಾಂಧಿ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದು ಸುಗ್ರೀವಾಜ್ಞೆಯಿಂದ. ನಮ್ಮ ಕೆನರಾ ಬ್ಯಾಂಕ್, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಎರಡೂ ಆ ಪಟ್ಟಿಯಲ್ಲಿದ್ದವು. ಸಂಸತ್ತು ಸೇರಲು ಎರಡೇ ದಿನ ಬಾಕಿ ಇತ್ತು. ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ, ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಮರುದಿನವೇ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. 1970ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆ ತಂದಿತು. ಮೂರೂ ಅಂಗಗಳು ಒಂದೇ ವಿಷಯದಲ್ಲಿ ಹೀಗೆ ಎದುರುಬದುರಾಗಿದ್ದು ಅಪರೂಪ.

ಬಿಹಾರದಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅಲ್ಲಿನ ರಾಜ್ಯಪತ್ರಗಳನ್ನು ತಾಳ್ಮೆಯಿಂದ ಜಾಲಾಡಿದರು. 1967ರಿಂದ 1981ರ ನಡುವೆ 256 ಸುಗ್ರೀವಾಜ್ಞೆಗಳು ಬಂದಿದ್ದವು. ಅವು ಒಂದು ವರ್ಷದಿಂದ 14 ವರ್ಷದವರೆಗೆ ಬದುಕಿದ್ದವು. ಹೇಗೆ? ಅಧಿವೇಶನ ಕರೆಯುತ್ತಿದ್ದರು, ಮಸೂದೆ ತರುತ್ತಿರಲಿಲ್ಲ. ಅಧಿವೇಶನ ಮುಗಿಸಿ, ಗಡುವು ತೀರುವ ಮೊದಲು ಅದೇ ಸುಗ್ರೀವಾಜ್ಞೆಯನ್ನು ಮತ್ತೆ ಹೊರಡಿಸುತ್ತಿದ್ದರು. ಶಾಸಕರು ಆರಿಸಿ ಬಂದರು, ಅವಧಿ ಮುಗಿಸಿ ಹೋದರು. ಆ ಕಾನೂನುಗಳ ಒಂದು ಸಾಲನ್ನೂ ಅವರು ಚರ್ಚಿಸಲಿಲ್ಲ. ವಾಧ್ವಾ ಸುಪ್ರೀಂ ಕೋರ್ಟಿಗೆ ಹೋದರು. ಹೀಗೆ ಮರುಹೊರಡಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 1986ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ಅವರ ಸಂಶೋಧನೆಯನ್ನು ಮೆಚ್ಚಿ 10,000 ರೂಪಾಯಿ ಕೊಡಿಸಿತು. ಯಾರೂ ಕೇಳದಿದ್ದ ಪ್ರಶ್ನೆಯನ್ನು ರಾಜ್ಯಪತ್ರ ಓದಿ ಕೇಳಿದ ಆ ಪ್ರಾಧ್ಯಾಪಕರ ಬಗ್ಗೆ ನನಗೆ ತುಂಬಾ ಗೌರವ.

ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಭೂಸ್ವಾಧೀನ ತಿದ್ದುಪಡಿಗೆ ಕೇಂದ್ರ ಸರ್ಕಾರ 2014ರ ಡಿಸೆಂಬರ್‌ನಿಂದ 2015ರ ಮೇ ನಡುವೆ ಮೂರು ಸಲ ಸುಗ್ರೀವಾಜ್ಞೆ ತಂದಿತು. ರಾಜ್ಯಸಭೆಯಲ್ಲಿ ಬಹುಮತ ಇರಲಿಲ್ಲ. ಕೊನೆಗೆ ಆಗಸ್ಟ್‌ನಲ್ಲಿ ಅದು ಬಿದ್ದುಹೋಯಿತು. ನಮ್ಮಲ್ಲೂ ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ದಾಟಿ ಪರಿಷತ್ತಿನಲ್ಲಿ ನಿಂತಾಗ, 2022ರ ಮೇನಲ್ಲಿ ಸುಗ್ರೀವಾಜ್ಞೆ ಬಂತು. ಪಕ್ಷ ಯಾವುದೇ ಇರಲಿ, ಕಾನೂನಿನ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಸದನದಲ್ಲಿ ಬಹುಮತ ಇಲ್ಲದಿರುವುದು ತುರ್ತು ಪರಿಸ್ಥಿತಿ ಅಲ್ಲ. ಎರಡನೇ ಸದನ ಇರುವುದೇ ಹಾಗೆ ತಡೆದು ಕೇಳಲು, ಅಲ್ವಾ?

2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇದೂ ಬಿಹಾರದ್ದೇ ಪ್ರಕರಣ. 1989ರಿಂದ ಅಲ್ಲಿನ ಸರ್ಕಾರ 429 ಸಂಸ್ಕೃತ ಶಾಲೆಗಳನ್ನು ಸಾಲು ಸಾಲು ಸುಗ್ರೀವಾಜ್ಞೆಗಳ ಮೂಲಕ ವಹಿಸಿಕೊಂಡಿತ್ತು. ಒಂದನ್ನೂ ಕಾಯ್ದೆ ಮಾಡಲಿಲ್ಲ. ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡುವುದು ಕಡ್ಡಾಯ, ಅದು ಬರೀ ಶಿಷ್ಟಾಚಾರ ಅಲ್ಲ ಎಂದು ಕೋರ್ಟ್ ಬಹುಮತದಿಂದ ಹೇಳಿತು. ಬಿದ್ದುಹೋದ ಸುಗ್ರೀವಾಜ್ಞೆಯಿಂದ ಶಾಶ್ವತ ಹಕ್ಕು ತಾನಾಗಿ ಹುಟ್ಟುವುದಿಲ್ಲ ಎಂದೂ ಹೇಳಿತು. ತಾವು ಸರ್ಕಾರಿ ನೌಕರರಾದೆವು ಎಂದು ನಂಬಿದ್ದ ಆ ಶಾಲೆಗಳ ಸಿಬ್ಬಂದಿಗೆ ಆ ಸ್ಥಾನ ಸಿಗಲಿಲ್ಲ. ಕೊಟ್ಟಿದ್ದ ಸಂಬಳವನ್ನು ವಾಪಸ್ ವಸೂಲಿ ಮಾಡಬಾರದು ಎಂಬುದಷ್ಟೇ ಅವರಿಗೆ ದಕ್ಕಿತು.