ಬಂಕಿನಿಂದ ಹೊಲದ ಒಡ್ಡಿಗೆ: ಡೀಸೆಲ್ ಹೊತ್ತು ತರುವ ಗಾಡಿಯ ಚಾಲಕರು

ಗದಗ, ನರಗುಂದ, ನವಲಗುಂದ ಭಾಗದ ಎರೆ ಭೂಮಿಯಲ್ಲಿ ಮುಂಗಾರಿ ಹೆಸರು ಬೆಳೆಯ ಕಾಯಿ ಒಣಗಿ ನಿಂತಾಗ ಎರಡು ದಿನ ಮಳೆ ಹಿಡಿದರೂ ಕಾಳು ಗಿಡದಲ್ಲೇ ಮೊಳೆಯುತ್ತದೆ. ಆದ್ದರಿಂದ ಬಿಸಿಲು ಬಿದ್ದ ದಿನ ಕಟಾವು ಯಂತ್ರ ನಿಲ್ಲುವಂತಿಲ್ಲ. ಅದೇ ಹೊತ್ತಿಗೆ ಡೀಸೆಲ್ ತೀರಿದರೆ, ಒಬ್ಬರು ಬೈಕಿಗೆ ಕ್ಯಾನು ಕಟ್ಟಿಕೊಂಡು ಬಂಕಿಗೆ ಹೋಗಿ ಬರುವವರೆಗೆ ಯಂತ್ರದವರೂ ಕೂಲಿಯವರೂ ಆಕಾಶ ನೋಡುತ್ತ ಕೂರಬೇಕಾಗುತ್ತದೆ.

ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗಿನಿಂದಲೂ ಈ ತೊಡಕು ಇದೆ. ಡೀಸೆಲನ್ನು ಮೊದಲೇ ತಂದಿಟ್ಟುಕೊಳ್ಳಲು ಕಾನೂನು ಅಡ್ಡಿಯಾಗಿರಲಿಲ್ಲ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಾಗಿರದಿದ್ದರೆ, ಒಂದೆಡೆ 2,500 ಲೀಟರ್‌ವರೆಗೆ ಡೀಸೆಲನ್ನು ಪರವಾನಗಿ ಇಲ್ಲದೆ ಇಡಬಹುದು. ಆದರೆ 200 ಲೀಟರಿನ ಬ್ಯಾರಲ್ ತುಂಬಿಸಲು ಒಮ್ಮೆಗೇ ಹಣ ಬೇಕು, ತರಲು ಟ್ರ್ಯಾಲಿಯೂ ಬೇಕು. ಸಣ್ಣ ಹಿಡುವಳಿದಾರರಿಗೆ ಕ್ಯಾನೇ ಗತಿಯಾಯಿತು.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರಕಾರದ ನಿಯಂತ್ರಣದಿಂದ ಹೊರಬಂತು. 2017ರ ಜೂನ್‌ನಿಂದ ಅದು ದಿನವೂ ಪರಿಷ್ಕರಣೆಗೆ ಒಳಪಟ್ಟಿತು. 2022ರಲ್ಲಿ ರಾಜ್ಯ ಸರಕಾರ ಘೋಷಿಸಿದ ರೈತಶಕ್ತಿ ಯೋಜನೆ ಎಕರೆಗೆ 250 ರೂಪಾಯಿಯಂತೆ ಐದು ಎಕರೆವರೆಗೆ ಡೀಸೆಲ್ ಸಹಾಯಧನ ಕೊಟ್ಟಿತು. ಅದು ಬೆಲೆಯ ಭಾರವನ್ನು ತುಸು ಇಳಿಸಿತೇ ಹೊರತು ಬಂಕಿನ ದೂರವನ್ನು ಇಳಿಸಲಿಲ್ಲ.

ಆ ದೂರವನ್ನು ಇಳಿಸುವ ದಾರಿ 2018ರ ಮಾರ್ಚ್‌ನಲ್ಲಿ ತೆರೆಯಿತು. ಇಂಡಿಯನ್ ಆಯಿಲ್ ಕಂಪನಿ ಪುಣೆಯಲ್ಲಿ, ಮೀಟರು, ಪೈಪು ಜೋಡಿಸಿದ ಸಣ್ಣ ಟ್ಯಾಂಕರಿನಲ್ಲಿ ಡೀಸೆಲನ್ನು ಗಿರಾಕಿ ಇದ್ದಲ್ಲಿಗೇ ಒಯ್ಯಲು ಆರಂಭಿಸಿತು. ಜನರೇಟರು, ದೊಡ್ಡ ಯಂತ್ರಗಳಿರುವ ಗಿರಾಕಿಗಳಿಗೆ ಇಂಥ ಸೇವೆ ಸುಲಭವಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಒಂದೇ ನಿಲುಗಡೆಯಲ್ಲಿ ನೂರಾರು ಲೀಟರ್ ಇಳಿಯುತ್ತದೆ. ಹೊಲದ ಲೆಕ್ಕವೇ ಬೇರೆ.

ಹೊಲದಲ್ಲಿ ಚಾಲಕರೇ ಬಂಕಿನ ಸಿಬ್ಬಂದಿಯೂ ಆಗುತ್ತಾರೆ. ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡೆ ಕೊಟ್ಟು, ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ಅರ್ಥಿಂಗ್ ತಂತಿ ಜೋಡಿಸಿ, ಬೀಡಿ ಹಚ್ಚಿದವರನ್ನು ದೂರ ಕಳಿಸಿ, ಮೀಟರು ಸೊನ್ನೆಯಲ್ಲಿದೆ ಎಂಬುದನ್ನು ರೈತರಿಗೆ ತೋರಿಸಿದ ಮೇಲೆಯೇ ಅವರು ಪೈಪು ಬಿಚ್ಚಬೇಕು. ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ ಮೋಟಾರು ವಾಹನ ನಿಯಮಗಳು ಪ್ರತ್ಯೇಕ ತರಬೇತಿಯನ್ನು ಕಡ್ಡಾಯ ಮಾಡಿವೆ. ಆದರೆ ಎರೆ ಮಣ್ಣನ್ನು ಓದುವುದನ್ನು ಯಾವ ತರಬೇತಿಯೂ ಕಲಿಸದು. ಮೇಲೆ ಹೆಪ್ಪುಗಟ್ಟಿದಂತೆ ಕಂಡರೂ ಒಳಗೆ ಹಸಿ ಇದ್ದರೆ ತುಂಬಿದ ಟ್ಯಾಂಕರು ಅಚ್ಚಿನವರೆಗೆ ಹೂತುಹೋಗುತ್ತದೆ. ಅದನ್ನು ಬಲ್ಲ ಚಾಲಕರು ಡಾಂಬರು ರಸ್ತೆಯಲ್ಲೇ ನಿಂತು, ಟ್ರ್ಯಾಕ್ಟರನ್ನೇ ಅಲ್ಲಿಗೆ ತರಿಸಿಕೊಳ್ಳುತ್ತಾರೆ. ಯಾರ ಹೊಲಕ್ಕೆ ಮಳೆಗಾಲದಲ್ಲೂ ದಾರಿ ಇದೆ, ಯಾರ ರಾಶಿ ನಾಳೆಗೆ ಇದೆ ಎಂಬ ತಿಳಿವಳಿಕೆಯೂ ಅವರ ಕಸುಬಿನ ಭಾಗವೇ ಎಂದು ನಾನು ಬಲವಾಗಿ ನಂಬುತ್ತೇನೆ.

ಹೀಗಿರುವಾಗ ಅವರ ದುಡಿಮೆಯನ್ನು ಲೀಟರಿನಲ್ಲಷ್ಟೇ ಅಳೆಯುವುದು ಸರಿಯಲ್ಲ. ಹಾವೇರಿಯ ಗೋವಿನಜೋಳದ ಹೊಲಗಳಲ್ಲಿ ಹತ್ತು ಕಡೆ ನಿಂತು ನಲವತ್ತು ನಲವತ್ತು ಲೀಟರ್ ಕೊಡುವವರು, ಒಂದೇ ಕಾರ್ಖಾನೆಗೆ ನಾನೂರು ಲೀಟರ್ ಇಳಿಸುವವರಿಗಿಂತ ಹೆಚ್ಚು ಹೊತ್ತು ದುಡಿಯುತ್ತಾರೆ. ನಿಲುಗಡೆಗೂ ಕೂಲಿ ಕಟ್ಟಿದರೆ, ನಾಲ್ಕೈದು ಸಣ್ಣ ರೈತರು ಸೇರಿ ಒಂದೇ ಬೇಡಿಕೆ ಸಲ್ಲಿಸಿದರೆ, ಗಾಡಿ ದೊಡ್ಡ ಹಿಡುವಳಿಗಳನ್ನು ದಾಟಿ ಮೂರು ಎಕರೆಯ ಹೊಲದ ಒಡ್ಡಿಗೂ ಬಂದೀತು.