ಅಣಬೆಯಿಂದ ಹುಲ್ಲಿಗೆ ಬಾಣ ಎಳೆದರೆ ತಪ್ಪೇನು?

ಆಹಾರ ಸರಪಳಿಯಲ್ಲಿ ಮೂರು ಪಾತ್ರ. ತನ್ನ ಆಹಾರ ತಾನೇ ಮಾಡಿಕೊಳ್ಳುವುದು ಉತ್ಪಾದಕ, ಇನ್ನೊಂದನ್ನು ತಿಂದು ಬದುಕುವುದು ಭಕ್ಷಕ, ಸತ್ತದ್ದನ್ನು ಕೊಳೆಸುವುದು ವಿಘಟಕ. ಇಷ್ಟು ಎಲ್ಲರಿಗೂ ಬಾಯಿಪಾಠ. ಬಾಣದ ದಿಕ್ಕೂ ಗೊತ್ತು: ಯಾವುದನ್ನು ತಿಂದಿತೋ ಅದರಿಂದ ತಿಂದ ಜೀವಿಯ ಕಡೆಗೆ.

ಹುಲ್ಲು → ಮಿಡತೆ → ಕಪ್ಪೆ → ಹಾವು → ಹದ್ದು

ನಾನು ಎಡವಿದ್ದು ಇದಾದ ಮೇಲೆ. ಹದ್ದಿನ ಮುಂದೆ ಬಾಣ ಹಾಕಿ ಅಣಬೆ, ಬ್ಯಾಕ್ಟೀರಿಯಾ ಅಂತ ಬರೆದೆ. ಅಲ್ಲಿಂದ ಇನ್ನೊಂದು ಬಾಣವನ್ನು ಸುತ್ತಿಸಿ ತಂದು ಹುಲ್ಲಿಗೆ ಸೇರಿಸಿದೆ. ಚಿತ್ರ ದುಂಡಗೆ ಚೆಂದ ಬಂದಿತ್ತು. ಪ್ರಶ್ನೆಯಲ್ಲಿ ಕೇಳಿದ್ದು ‘ಶಕ್ತಿಯ ಹರಿವು’. ಆ ಕೊನೆಯ ಬಾಣಕ್ಕೇ ಅಂಕ ಹೋಯಿತು.

ನನ್ನ ತಲೆಯಲ್ಲಿ ಇದ್ದದ್ದು ಹೀಗೆ: ಗೊಬ್ಬರವನ್ನು ‘ಗಿಡದ ಆಹಾರ’ ಅಂತೀವಿ. ವಿಘಟಕಗಳು ಗೊಬ್ಬರ ಮಾಡುತ್ತವೆ, ಹುಲ್ಲು ಅದನ್ನು ತಿನ್ನುತ್ತದೆ. ಹಾಗಾದರೆ ಬಾಣ ಬೇಕೇ ಬೇಕಲ್ವಾ? ಆದರೆ ಹಾಗೆ ಎಳೆದ ತಕ್ಷಣ ಹುಲ್ಲು ಉತ್ಪಾದಕವಾಗಿ ಉಳಿಯುವುದಿಲ್ಲ, ಅಣಬೆಯನ್ನು ತಿನ್ನುವ ಭಕ್ಷಕ ಆಗಿಬಿಡುತ್ತದೆ! ಇದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಗಂಟು ಬಿಚ್ಚಿದ್ದು ಒಂದು ಹಳೇ ಪ್ರಯೋಗದಿಂದ. ಫಾನ್ ಹೆಲ್ಮಾಂಟ್ ಅನ್ನುವವರು ಸುಮಾರು 90 ಕೆಜಿ ಒಣಗಿಸಿದ ಮಣ್ಣನ್ನು ತೂಗಿ ಕುಂಡಕ್ಕೆ ತುಂಬಿದರು. ಅದರಲ್ಲಿ ಎರಡೂಕಾಲು ಕೆಜಿಯ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದರು. ಕೊನೆಗೆ ಮರ ತೂಗಿದ್ದು ಸುಮಾರು 77 ಕೆಜಿ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆ ಆಗಿದ್ದು 57 ಗ್ರಾಂನಷ್ಟು, ಅಷ್ಟೇ. ಇದು ಅಚ್ಚಾದದ್ದು 1648ರಲ್ಲಿ. ಮರ ಪೂರ್ತಿ ನೀರಿನಿಂದಲೇ ಆಗಿದೆ ಅಂತ ಅವರು ತೀರ್ಮಾನಿಸಿದರು. ಅದು ಅರ್ಧ ಸರಿ. ನೀರಿನ ಜೊತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡ ಸೇರಿದೆ. ಇವೆರಡನ್ನೂ ಬಿಸಿಲಿನ ಶಕ್ತಿಯಿಂದ ಬೆಸೆದು ಎಲೆ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಗಿಡದ ಊಟ.

ಹಾಗಾದರೆ ಆ 57 ಗ್ರಾಂ ಏನು? ಮಣ್ಣಿನ ಲವಣಗಳು. ಬೇಡದ ವಸ್ತುಗಳಲ್ಲ ಅವು. ಸಾರಜನಕ ಇಲ್ಲದೆ ಪ್ರೋಟೀನ್ ಇಲ್ಲ, ಮೆಗ್ನೀಸಿಯಂ ಇಲ್ಲದೆ ಎಲೆಗೆ ಹಸಿರೇ ಇಲ್ಲ. ಆದರೆ ಗಿಡ ಅವನ್ನು ಉಸಿರಾಟದಲ್ಲಿ ಉರಿಸಿ ಶಕ್ತಿ ಪಡೆಯಲಾರದು. ವಿಘಟಕಗಳು ಹುಲ್ಲಿಗೆ ಹಿಂದಿರುಗಿಸುವುದು ಈ ವಸ್ತುಗಳನ್ನು. ಶಕ್ತಿಯನ್ನಲ್ಲ.

ಈಗ ನಾನು ಎರಡು ಪೆನ್ನು ಇಟ್ಟುಕೊಂಡು ಕೂರುತ್ತೇನೆ. ಕೆಂಪು ಪೆನ್ನು ಶಕ್ತಿಗೆ, ನೀಲಿ ವಸ್ತುವಿಗೆ. ನೀಲಿ ಗೆರೆ ಸುತ್ತು ಬರುತ್ತದೆ. ಕೆಂಪು ಗೆರೆ ಸೂರ್ಯನಿಂದ ಹೊರಟು, ಪ್ರತಿ ಕೊಂಡಿಯಲ್ಲೂ ಸ್ವಲ್ಪ ಸ್ವಲ್ಪ ಬಿಸಿಯಾಗಿ ಸೋರಿ ಹೋಗುತ್ತದೆ. ಯಾವತ್ತೂ ವಾಪಸ್ ಬರುವುದಿಲ್ಲ. ಆದ್ದರಿಂದ ನನ್ನ ಆ ಕೊನೆಯ ಬಾಣ ನೀಲಿಯಾಗಿದ್ದರೆ ಸರಿ, ಕೆಂಪಾಗಿದ್ದರೆ ತಪ್ಪು.

ವಿಘಟಕಕ್ಕೆ ಬಂದ ಕೆಂಪು ಗೆರೆ ಎಲ್ಲಿಗೆ ಹೋಗುತ್ತದೆ? ಇದನ್ನು ಕೈಯಿಂದಲೇ ಮುಟ್ಟಿ ನೋಡಬಹುದು. ಹಸಿ ಎಲೆ, ಕಸ ಸೇರಿಸಿದ ದೊಡ್ಡ ಕಾಂಪೋಸ್ಟ್ ರಾಶಿಯನ್ನು ಕೆಲವು ದಿನ ಬಿಟ್ಟು ಕೆದಕಿ. ಒಳಗೆ ಕೈ ಇಡಲಾಗದಷ್ಟು ಬಿಸಿ ಇರುತ್ತದೆ, 60 ಡಿಗ್ರಿವರೆಗೂ ಏರುತ್ತದೆ. ಚಳಿ ಬೆಳಗಿನಲ್ಲಿ ಹಬೆ ಏಳುವುದೂ ಕಾಣುತ್ತದೆ. ಎಲೆ ಹಿಡಿದಿಟ್ಟಿದ್ದ ಬಿಸಿಲು ಬ್ಯಾಕ್ಟೀರಿಯಾಗಳ ಉಸಿರಾಟದಲ್ಲಿ ಹೊರಗೆ ಹೋಗುತ್ತಿರುವುದು ಅದೇ.

ಶೇಕಡಾ 10ರ ನಿಯಮ ಬೇಗ ಹೇಳಿಬಿಡುತ್ತೇನೆ: ಒಂದು ಕೊಂಡಿಯ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ ಮುಂದಿನ ಕೊಂಡಿಗೆ ದಾಟುತ್ತದೆ. 1942ರಲ್ಲಿ ರೇಮಂಡ್ ಲಿಂಡೆಮನ್ ಬರೆದ ಪ್ರಬಂಧದಿಂದ ಬೆಳೆದು ಬಂದದ್ದು. ಹುಲ್ಲಿನಲ್ಲಿ 10,000 ಜೂಲ್ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1. ಇದು ಅಂದಾಜಿನ ಲೆಕ್ಕ, ಎಲ್ಲ ಕಡೆಯೂ ಕರಾರುವಾಕ್ಕಾಗಿ 10 ಇರುವುದಿಲ್ಲ. ಉಳಿದ 90 ಪೂರ್ತಿ ಆ ಕ್ಷಣವೇ ಬಿಸಿಯಾಗಿ ಹೋಯಿತು ಅಂದುಕೊಳ್ಳಬೇಡಿ. ತಿನ್ನದೇ ಬಿಟ್ಟ ಭಾಗ, ಲದ್ದಿ, ಹಿಕ್ಕೆ ಎಲ್ಲ ವಿಘಟಕಗಳ ಪಾಲು.

ಸಂಖ್ಯೆಯ ಗೊಂದಲ ಇನ್ನೊಂದು. ಮಿಡತೆ ಪ್ರಾಥಮಿಕ ಭಕ್ಷಕ, ಆದರೆ ಎರಡನೇ ಪೋಷಣಾ ಸ್ತರ (ಅಂದರೆ ಸರಪಳಿಯ ಎರಡನೇ ಮೆಟ್ಟಿಲು). ಮೊದಲನೆಯದನ್ನು ಹುಲ್ಲು ಹಿಡಿದಿದೆಯಲ್ಲ! ಭಕ್ಷಕದ ಸಂಖ್ಯೆಗೆ ಒಂದು ಕೂಡಿಸಿದರೆ ಸ್ತರ ಸಿಗುತ್ತದೆ. ಹುಲಿಯನ್ನು ಕಂಡ ಕೂಡಲೇ ‘ತೃತೀಯ’ ಅಂತ ಬರೆಯುವ ಚಟ ನನಗಿತ್ತು. ಹುಲ್ಲು ತಿಂದ ಜಿಂಕೆಯನ್ನು ತಿಂದರೆ ಹುಲಿ ದ್ವಿತೀಯ ಭಕ್ಷಕವೇ. ಎಷ್ಟು ದೊಡ್ಡ ಪ್ರಾಣಿ ಅನ್ನುವುದು ಲೆಕ್ಕಕ್ಕಿಲ್ಲ.

ರಣಹದ್ದು ಸತ್ತದ್ದನ್ನು ತಿನ್ನುತ್ತದೆ, ಎರೆಹುಳ ಕೊಳೆತ ಎಲೆ ತಿನ್ನುತ್ತದೆ. ಅವೂ ವಿಘಟಕಗಳೇ? ಅರಗಿಸುವುದು ಎಲ್ಲಿ ಅಂತ ಕೇಳಿಕೊಳ್ಳಿ. ಇವೆರಡೂ ಮೊದಲು ನುಂಗಿ, ಹೊಟ್ಟೆಯೊಳಗೆ ಅರಗಿಸುತ್ತವೆ. ಅಣಬೆಗೆ ಹೊಟ್ಟೆ ಇಲ್ಲ. ಒದ್ದೆ ಎಲೆಗಳ ರಾಶಿಯನ್ನು ಎತ್ತಿದರೆ ಅಡಿಯಲ್ಲಿ ಬಿಳಿ ದಾರದ ಬಲೆ ಕಾಣುತ್ತದಲ್ಲ, ಅದೇ ಅದರ ಮೈ. ಆ ಎಳೆಗಳು ಕಿಣ್ವವನ್ನು ಹೊರಗೆ ಸುರಿದು, ಎಲೆಯನ್ನು ಅಲ್ಲೇ ಕರಗಿಸಿ, ಆ ರಸ ಹೀರುತ್ತವೆ. ಹೊರಗೆ ಅರಗಿಸುವುದು ವಿಘಟಕ. ಕೆಲವು ಪುಸ್ತಕಗಳು ಎರೆಹುಳವನ್ನೂ ವಿಘಟಕದ ಪಟ್ಟಿಗೆ ಸೇರಿಸುತ್ತವೆ. ಪರೀಕ್ಷೆಗೆ ನಿಮ್ಮ ಪುಸ್ತಕ ಹೇಳಿದ್ದನ್ನೇ ಬರೆಯಿರಿ, ಸುಮ್ನೆ ಜಗಳ ಬೇಡ.

ಬ್ಯಾಕ್ಟೀರಿಯಾ ಅಂದರೆ ವಿಘಟಕ ಅಂತಲೂ ಕಣ್ಣು ಮುಚ್ಚಿ ಬರೆಯಬೇಡಿ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ, ಸಮುದ್ರದ ಸುಮಾರು 2,500 ಮೀಟರ್ ಆಳದ ಕತ್ತಲಲ್ಲಿ, ಬಿಸಿನೀರು ಚಿಮ್ಮುವ ಬಿರುಕುಗಳ ಸುತ್ತ ಜೀವಿಗಳ ಗುಂಪೇ ಸಿಕ್ಕಿತು. ಅಲ್ಲಿ ಬ್ಯಾಕ್ಟೀರಿಯಾಗಳೇ ಉತ್ಪಾದಕ. ನನ್ನ ಕೆಂಪು ಗೆರೆ ಅಲ್ಲಿ ಸೂರ್ಯನಿಂದ ಹೊರಡುವುದಿಲ್ಲ, ಬಿರುಕಿನಿಂದ ಬರುವ ಹೈಡ್ರೋಜನ್ ಸಲ್ಫೈಡ್‌ನಿಂದ ಹೊರಡುತ್ತದೆ. ಅಲ್ಲಿರುವ ದೈತ್ಯ ಕೊಳವೆ ಹುಳಕ್ಕೆ ಬೆಳೆದ ಮೇಲೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗೇ ಇಟ್ಟುಕೊಂಡ ಬ್ಯಾಕ್ಟೀರಿಯಾಗಳು ಮಾಡಿಕೊಟ್ಟದ್ದರಲ್ಲೇ ಬದುಕುತ್ತದೆ. ಬಾಯಿ ಇಲ್ಲದಿದ್ದರೂ ಅದು ಭಕ್ಷಕವೇ.